ಹುಚ್ಚು ಸಿಂಥ್‌ಗೆ ಜ್ಯಾಕ್ ಹಾಕುವ ಮುಂಚೆ

ತುಮಕೂರಿನ ಹುಡುಗರು ನನ್ನ ಹತ್ತಿರ ತರುವ ಡಬ್ಬಿಗಳಿಗೆಲ್ಲ ಒಂದೇ ಕಾಯಿಲೆ. ತನ್ನಷ್ಟಕ್ಕೆ ತಾನೇ ಹುಚ್ಚುಹುಚ್ಚಾಗಿ ಸದ್ದು ಮಾಡುವ ಎಲೆಕ್ಟ್ರಾನಿಕ್ ವಾದ್ಯ, ಬೆಂಜೋಲಿನ್ ಸಿಂಥ್, ಚೆನ್ನಾಗಿಯೇ ಕಟ್ಟಿರುತ್ತಾರೆ, ಆಮೇಲೆ ಬೇರೆ ಸಿಂಥ್‌ಗಳ ಜೊತೆ ವೋಲ್ಟೇಜ್ ಕೊಟ್ಟು ತಗೊಳ್ಳುವ ಆಸೆಗೆ ಬಿದ್ದು ಆರೇಳು ಜ್ಯಾಕ್ (ಕೇಬಲ್ ಚುಚ್ಚುವ ತೂತು) ಕೂರಿಸುತ್ತಾರೆ, ಕೇಬಲ್ ಚುಚ್ಚಿದ ಕೂಡಲೇ ಅಷ್ಟು ಹೊತ್ತು ಕುಣಿಯುತ್ತಿದ್ದ ಸದ್ದು ಗುಂಯ್ ಅಂತ ಒಂದೇ ಕಡೆ ನಿಂತುಬಿಡುತ್ತದೆ.

ನೆದರ್‌ಲ್ಯಾಂಡ್ಸ್‌ನ ರಾಬ್ ಹೋರ್ಡೈಕ್ ರೂಪಿಸಿದ ಸರ್ಕ್ಯೂಟ್ ಇದು. ಒಳಗೆ ಎರಡು ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಭಾಗ. ಒಂದು ಶಿಫ್ಟ್ ರಿಜಿಸ್ಟರ್‌ಗೆ (ಸೊನ್ನೆ-ಒಂದುಗಳನ್ನು ಸಾಲಾಗಿ ಹಿಡಿದಿಡುವ ಐಸಿ) ಬಿಟ್ ಕೊಡುತ್ತದೆ, ಇನ್ನೊಂದು ಆ ಬಿಟ್‌ಗಳನ್ನು ಮುಂದಕ್ಕೆ ತಳ್ಳುತ್ತದೆ. ಅದರಲ್ಲಿ ಮೂರು ಬಿಟ್ ಸೇರಿ ಎಂಟು ಮೆಟ್ಟಿಲಿನ ವೋಲ್ಟೇಜ್ ಆಗಿ, ಅದೇ ವಾಪಸ್ ಬಂದು ಎರಡೂ ಆಸಿಲೇಟರ್‌ಗಳ ವೇಗ ಬದಲಿಸುತ್ತದೆ. ಇದೇ ರಂಗ್ಲರ್. ಈ ಸುತ್ತು ಎಲ್ಲಿ ಕೆಟ್ಟರೂ ಹುಚ್ಚು ಇಳಿದುಹೋಗುತ್ತದೆ.

ಮೊದಲು ಸಾಮಾನು. 3.5 ಎಂಎಂ ಮೋನೋ ಜ್ಯಾಕ್ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ, ಐಸಿಗೆ ಮಾತ್ರ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ. ಡಬ್ಬಿ ತಗಡಿನದೇ ಇರಲಿ, ಜ್ಯಾಕ್‌ಗಳ ಗ್ರೌಂಡ್ ತಾನಾಗಿಯೇ ಕೂಡಿಕೊಳ್ಳುತ್ತದೆ. ನಲ್ಲಿ ಪೈಪಿಗೆ ಬಳಸುವ ಆಸಿಡ್ ಪೇಸ್ಟನ್ನು ಬೋರ್ಡಿಗೆ ಮುಟ್ಟಿಸಲೇಬೇಡಿ, ಆರು ತಿಂಗಳಲ್ಲಿ ಹಸಿರು ಕಿಲುಬು. ರೋಸಿನ್ ಸಾಕು. 6 ಎಂಎಂ ತೂತು ಕೊರೆಯಿರಿ. ಅಷ್ಟೇ.

ಈಗ ಎಲ್ಲರೂ ಎಡವುವ ಜಾಗ: ಔಟ್‌ಪುಟ್. ಮೆಟ್ಟಿಲು ವೋಲ್ಟೇಜ್ ಇರುವ ಕಡೆಯಿಂದ ನೇರ ಜ್ಯಾಕ್‌ಗೆ ವೈರ್ ಎಳೆಯುತ್ತಾರೆ. ಅಡಿಕೆ ತೋಟದ ಡ್ರಿಪ್ ಪೈಪಿಗೆ ನಡುವೆ ತೂತು ಹೊಡೆದು ಬಿಂದಿಗೆ ತುಂಬಿಸಿಕೊಂಡರೆ ಕೊನೆಯ ಗಿಡಕ್ಕೆ ಏನು ಉಳಿಯುತ್ತೆ, ಅಲ್ವಾ? ಆ ಜಾಗದ ರೆಸಿಸ್ಟೆನ್ಸ್ 100ಕೆ (ಕಿಲೋ ಓಮ್) ಇದ್ದು, ಕೇಬಲ್‌ನ ಆಚೆ ಕಡೆಯ ಸಿಂಥ್‌ನ ಇನ್‌ಪುಟ್ಟೂ 100ಕೆ ಇದ್ದರೆ ವೋಲ್ಟೇಜ್ ಅರ್ಧಕ್ಕೆ ಇಳಿಯುತ್ತದೆ. ಸುತ್ತಿ ಒಳಗೆ ಹೋಗುವುದೂ ಅದೇ ಅರ್ಧ. ಅದಕ್ಕೇ ನಡುವೆ ಬಫರ್ ಬೇಕು, ಅಂದರೆ ವೋಲ್ಟೇಜನ್ನು ಕದಿಯದೆ ಅದರ ನಕಲನ್ನು ಆಚೆ ಕಳಿಸುವ ಸರ್ಕ್ಯೂಟ್. ಟಿಎಲ್‌072 ಅನ್ನುವ ಆಪ್‌ಆಂಪ್ (ಸಿಗ್ನಲ್ ವರ್ಧಿಸುವ ಐಸಿ) ತಗೊಳ್ಳಿ: 3ನೇ ಕಾಲಿಗೆ ಸಿಗ್ನಲ್, 1 ಮತ್ತು 2 ಒಟ್ಟಿಗೆ, 8ಕ್ಕೆ ಪ್ಲಸ್ 12 ವೋಲ್ಟ್, 4ಕ್ಕೆ ಮೈನಸ್ 12 ವೋಲ್ಟ್. 1ರಿಂದ 1ಕೆ ರೆಸಿಸ್ಟರ್ ದಾಟಿ ಜ್ಯಾಕ್‌ಗೆ. ಆ 1ಕೆ ಬಿಡಬೇಡಿ, ಕೇಬಲ್ ಚುಚ್ಚುವಾಗ ಶಾರ್ಟ್ ಆದರೂ ಐಸಿ ಉಳಿಯುತ್ತದೆ. ನಿಮ್ಮದು ಬರೀ 9 ವೋಲ್ಟ್ ಬ್ಯಾಟರಿಯ ಡಬ್ಬಿಯಾದರೆ ಟಿಎಲ್‌072 ಸೊನ್ನೆ ವೋಲ್ಟ್ ಹತ್ತಿರ ಕೈಕೊಡುತ್ತದೆ. ಎಲ್‌ಎಂ358 ಹಾಕಿ, ಕಾಲುಗಳ ಜಾಗ ಅವೇ. ಐದು ಔಟ್‌ಪುಟ್ ಇದ್ದರೆ ಐದು ಬಫರ್, ಇದರಲ್ಲಿ ಜುಗ್ಗತನ ಬೇಡ.

ಇನ್ನು ವೋಲ್ಟೇಜ್‌ನಿಂದ ನಾಬ್ ತಿರುಗಿಸುವ ಕೆಲಸ. ಜ್ಯಾಕನ್ನು ಪಾಟ್‌ನ (ನಾಬ್ ಕೆಳಗಿರುವ, ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ನಡುವಿನ ಕಾಲಿಗೇ ಬೆಸೆಯುವುದು ಸುಮ್ನೆ ಸೋಮಾರಿತನ. ನಾಬ್ ತುದಿಗೆ ಹೋದಾಗ ಆ ಕಾಲು ನೇರ ಗ್ರೌಂಡಿಗೋ ಸಪ್ಲೈಗೋ ಅಂಟಿರುತ್ತದೆ, ಹೊರಗಿನಿಂದ ಬಂದ ವೋಲ್ಟೇಜ್ ಅಲ್ಲೇ ಶಾರ್ಟ್. ನಡುವಿನ ಕಾಲಿನಿಂದ ಹೊರಟ ರೆಸಿಸ್ಟರ್ ಎಲ್ಲಿಗೆ ಹೋಗುತ್ತದೆ ಅಂತ ಮಲ್ಟಿಮೀಟರ್ ಹಿಡಿದು ಹುಡುಕಿ. ಆಪ್‌ಆಂಪ್‌ನ ಮೈನಸ್ ಇನ್‌ಪುಟ್ ಸಿಕ್ಕರೆ ಅದೃಷ್ಟ, ಅಲ್ಲಿಗೆ ಇನ್ನೊಂದು 100ಕೆ ರೆಸಿಸ್ಟರ್ ಬೆಸೆದರೆ ಎರಡೂ ವೋಲ್ಟೇಜ್ ಕೂಡಿಕೊಳ್ಳುತ್ತವೆ. ಪಾಟ್ ಎರಡೇ ಕಾಲಲ್ಲಿ ಬರೀ ರೆಸಿಸ್ಟರ್ ಆಗಿ ಕೂತಿದ್ದರೆ ಈ ಆಟ ನಡೆಯಲ್ಲ. ಎಲ್‌ಇಡಿ ಮತ್ತು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಎದುರುಬದುರು ಇಟ್ಟು ಕಪ್ಪು ಹೀಟ್ ಶ್ರಿಂಕ್ ಸುತ್ತಿ ವ್ಯಾಕ್ಟ್ರೋಲ್ ಮಾಡಿಕೊಳ್ಳಿ. ಎಲ್‌ಇಡಿಗೆ 1ಕೆ ಸರಣಿಯಲ್ಲಿರಲಿ. ಬೆಳಕು ತೂರದಂತೆ ಎರಡೂ ತುದಿ ಮುಚ್ಚಿ, ಇಲ್ಲದಿದ್ದರೆ ಟ್ಯೂಬ್‌ಲೈಟ್ ಹಾಕಿದಾಗೆಲ್ಲ ಸ್ವರ ಬದಲಾಗುತ್ತದೆ.

ಪ್ರತಿ ಇನ್‌ಪುಟ್ ಜ್ಯಾಕ್‌ಗೂ ಒಂದು 100ಕೆ ಲೀನಿಯರ್ ಪಾಟ್ ಕೊಡಿ, ವೋಲ್ಟೇಜ್ ತಗ್ಗಿಸಲು. ಜಾಗವಿಲ್ಲ ಅಂದರೆ ಜ್ಯಾಕ್ ಕಡಿಮೆ ಮಾಡಿ, ಪಾಟ್ ಅಲ್ಲ. ಇಂಥ ಸರ್ಕ್ಯೂಟ್‌ಗೆ 5 ವೋಲ್ಟ್ ಪೂರ್ತಿ ನುಗ್ಗಿಸಿದರೆ ಆಸಿಲೇಟರ್ ಒಂದು ತುದಿಗೆ ಹೋಗಿ ಕೂರುತ್ತದೆ. ಮಜಾ ಇರುವುದು ಸೊನ್ನೆಯಿಂದ ಸ್ವಲ್ಪ ಮೇಲೆ.

ಮುಚ್ಚಳ ಹಾಕುವ ಮುಂಚೆ ರಂಗ್ಲರ್ ಔಟ್‌ಪುಟ್ಟನ್ನು ಅದೇ ಡಬ್ಬಿಯ ಫಿಲ್ಟರ್ (ಸದ್ದು ಸೋಸುವ ಭಾಗ) ಇನ್‌ಪುಟ್‌ಗೆ ಚುಚ್ಚಿ, ಆ ಇನ್‌ಪುಟ್‌ನ ಪಾಟ್ ಪೂರ್ತಿ ಇಳಿಸಿಡಿ. ಕೇಬಲ್ ತೆಗೆದಾಗಲೂ ಹಾಕಿದಾಗಲೂ ಸದ್ದು ಒಂದೇ ಥರ ಇರಬೇಕು. ವ್ಯತ್ಯಾಸ ಕೇಳಿಸಿತೋ, ಬಫರ್‌ನ ಬೆಸುಗೆ ಮತ್ತೆ ನೋಡಿ.