ಮನೆ ಧೂಳಿನ ಅಲರ್ಜಿ: ನಾನು ಹಾಸಿಗೆಯಿಂದ ಶುರು ಮಾಡಿದ್ದು

ನನ್ನ ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು. ಒಂದೆರಡಲ್ಲ, ಹತ್ತು ಹನ್ನೆರಡು ಸಲ ಒಂದೇ ಸಮನೆ. ಮೂಗು ಸೋರುತ್ತಿತ್ತು, ಕಣ್ಣು ಕೆಂಪಾಗಿ ತುರಿಸುತ್ತಿತ್ತು, ಒಂಬತ್ತು ಗಂಟೆ ಹೊತ್ತಿಗೆ ಎಲ್ಲ ತಾನಾಗಿ ಕಡಿಮೆಯಾಗುತ್ತಿತ್ತು. ನೆಗಡಿ ಅಂದುಕೊಂಡು ತಿಂಗಳುಗಟ್ಟಲೆ ಕಳೆದೆವು. ಕೊನೆಗೆ ಅಲರ್ಜಿ ಪರೀಕ್ಷೆ ಮಾಡಿಸಿದೆವು, ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ ಚುಚ್ಚಿ ನೋಡುತ್ತಾರಲ್ಲ, ಅದು. ಹೋಲಿಸಿ ನೋಡಲು ಹಾಕಿದ ಹನಿ ಬಿಟ್ಟರೆ ಇನ್ನೊಂದೇ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ಧೂಳಿನ ನುಸಿ.

ನನಗೆ ನಂಬೋಕೇ ಆಗಲಿಲ್ಲ. ದಿನಾ ಗುಡಿಸಿ ಒರೆಸುವ ಮನೆ ನಮ್ಮದು. ಅದೂ ಕೆಮಿಕಲ್ ಬೇಡ ಅಂತ ವಿನೆಗರ್, ಅಡುಗೆ ಸೋಡಾ, ನಿಂಬೆ ಎಣ್ಣೆಯ ಹನಿ ಹಾಕಿದ ನೀರು, ಇಷ್ಟರಲ್ಲೇ ಎಲ್ಲ ಮಾಡುತ್ತಿದ್ದೆ.

ಆಮೇಲೆ ಈ ನುಸಿಯ ಬಗ್ಗೆ ಓದಿದೆ. ಗಾತ್ರ ಮಿಲಿಮೀಟರಿನ ಕಾಲು ಭಾಗದಷ್ಟು, ಕಣ್ಣಿಗೆ ಕಾಣಿಸುವುದಿಲ್ಲ ಅಂತಲೇ ಹೇಳಬೇಕು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದಕ್ಕೆ ಊಟ. ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಮನೆಯ ಧೂಳಿನಿಂದ ಬರುವ ಅಲರ್ಜಿಗೆ ಈ ನುಸಿಯೇ ಕಾರಣ ಇರಬೇಕು ಅಂತ ನೆದರ್ಲೆಂಡಿನ ಲೈಡನ್‌ನ ಸಂಶೋಧಕರು 1964ರಲ್ಲಿ ಹೇಳಿದ್ದು. ಅದು ಕಚ್ಚುವುದಿಲ್ಲ, ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಈಗ ಯೋಚಿಸಿ: ಚರ್ಮದ ಹೊಟ್ಟು, ಬೆವರಿನ ತೇವ, ಬೆಚ್ಚಗಿನ ಜಾಗ, ಮೂರೂ ಒಟ್ಟಿಗೆ ಎಲ್ಲಿ ಸಿಗುತ್ತದೆ? ನಾನು ಒರೆಸುತ್ತಿದ್ದ ನೆಲದಲ್ಲಲ್ಲ, ಅವಳು ಮುಖ ಇಟ್ಟು ಮಲಗುವ ದಿಂಬಿನಲ್ಲಿ.

ಆ ರಾತ್ರಿ ಒಂದು ಕೆಲಸ ಮಾಡಿದೆ. ಕೋಣೆಯ ದೀಪ ಆರಿಸಿ, ಟಾರ್ಚ್ ಅಡ್ಡ ಹಿಡಿದು, ಅವಳ ದಿಂಬನ್ನು ಒಂದೇ ಒಂದು ಸಲ ತಟ್ಟಿದೆ. ಬೆಳಕಿನ ಪಟ್ಟಿಯೊಳಗೆ ಧೂಳು ಹೊಗೆಯ ಹಾಗೆ ಎದ್ದಿತು. ಸುಮ್ಮನೆ ನೋಡುತ್ತಾ ನಿಂತೆ. ದೊಡ್ಡ ಕಣಗಳು ಬೇಗ ಕೆಳಗಿಳಿದವು, ಸಣ್ಣವು ಮಾತ್ರ ಎಷ್ಟು ಹೊತ್ತಾದರೂ ತೇಲುತ್ತಲೇ ಇದ್ದವು. ದಿನಾ ಬೆಳಿಗ್ಗೆ ಅವಳನ್ನು ಎಬ್ಬಿಸಿ, ಪಕ್ಕದಲ್ಲೇ ಹಾಸಿಗೆ ಕೊಡವುತ್ತಿದ್ದವಳು ನಾನೇ ಅಲ್ವಾ. ನಿಜಕ್ಕೂ ಸಂಕಟವಾಯಿತು.

ಮಾರನೇ ದಿನದಿಂದ ಹಾಸಿಗೆ ಕೆಲಸ. ಹಾಸಿಗೆಗೂ ದಿಂಬಿಗೂ ಆರೂ ಕಡೆ ಮುಚ್ಚುವ, ಜಿಪ್ ಇರುವ, ಒತ್ತಾಗಿ ನೇಯ್ದ ಕವರ್ ಹಾಕಿದೆ. ಕೊಳ್ಳುವಾಗ ನೇಯ್ಗೆಯ ರಂಧ್ರ 10 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಸಣ್ಣದಿದೆಯಾ ಅಂತ ಕೇಳಿ, ಮೇಲೆ ಮಾತ್ರ ಹಾಸುವ ಪ್ರೊಟೆಕ್ಟರ್ ಇದಕ್ಕೆ ಸಾಲದು. ಬೆಡ್‌ಶೀಟ್, ದಿಂಬಿನ ಚೀಲ, ಹೊದಿಕೆ ಎಲ್ಲ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ತೊಳೆಯುತ್ತೇನೆ. ತಣ್ಣೀರಲ್ಲಿ ತೊಳೆದರೆ ಹಿಕ್ಕೆ ಸಾಕಷ್ಟು ಹೋಗುತ್ತದೆ, ಆದರೆ ನುಸಿ ಬದುಕಿಕೊಳ್ಳುತ್ತದೆ, ಮತ್ತೆ ಅದೇ ಕಥೆ. ಬಿಸಿನೀರು ತಾಳದ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಫ್ರೀಜರಿನಲ್ಲಿಟ್ಟೆ. ಹಾಗೆ ಇಟ್ಟರೆ ನುಸಿ ಸಾಯುತ್ತದೆ, ಹಿಕ್ಕೆ ಅಲ್ಲೇ ಇರುತ್ತದೆ, ಆದ್ದರಿಂದ ಆಮೇಲೆ ತಣ್ಣೀರಲ್ಲಿ ತೊಳೆಯಲೇಬೇಕು. ಬಿಸಿಲಿಗೆ ಹಾಕುವುದೂ ಅಷ್ಟೇ. ತೇವ ಆರುತ್ತದೆ, ಅದು ಒಳ್ಳೆಯದೇ, ಆದರೆ ಒಳಗೆ ಕೂತ ಕೊಳೆಯನ್ನು ಬಿಸಿಲು ತೆಗೆಯುವುದಿಲ್ಲ. ಹಾಸಿಗೆ ಪಕ್ಕದ ಕಾರ್ಪೆಟ್ ತೆಗೆದುಬಿಟ್ಟೆ.

ಒಣ ಪೊರಕೆ, ಒಣ ಬಟ್ಟೆ ಎರಡನ್ನೂ ಮಲಗುವ ಕೋಣೆಯಿಂದ ಆಚೆ ಹಾಕಿದ್ದೇನೆ. ಅವು ಧೂಳನ್ನು ತೆಗೆಯುವುದಕ್ಕಿಂತ ಎಬ್ಬಿಸುವುದೇ ಜಾಸ್ತಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಬರುತ್ತೇನೆ: ಮೊದಲು ಫ್ಯಾನಿನ ರೆಕ್ಕೆ, ಬೀರುವಿನ ತಲೆ, ಕಿಟಕಿಯ ಅಂಚು, ನೆಲ ಕೊನೆಗೆ. ಬೀರುವಿನ ಮೇಲೆ ಮೊದಲ ಸಲ ಕೈಯಾಡಿಸಿದಾಗ ಬಟ್ಟೆಗೆ ಬೂದು ಬಣ್ಣದ ದಪ್ಪ ಪದರ ಕಂಬಳಿಯ ಹಾಗೆ ಸುತ್ತಿಕೊಂಡು ಬಂತು. ವ್ಯಾಕ್ಯೂಮ್ ಕ್ಲೀನರ್ ಬಳಸುವುದಾದರೆ ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ, ಇಲ್ಲದಿದ್ದರೆ ಸಣ್ಣ ಧೂಳು ಹಿಂದಿನಿಂದ ವಾಪಸ್ ಕೋಣೆಗೇ ಬರುತ್ತದೆ. ಕ್ಲೀನ್ ಮಾಡುವಾಗ ಮಗಳು ಆ ಕೋಣೆಯಲ್ಲಿ ಇರಬಾರದು, ಮುಗಿದ ಮೇಲೂ ಅರ್ಧ ಗಂಟೆ ಬಿಟ್ಟೇ ಒಳಗೆ ಕಳಿಸುತ್ತೇನೆ.

ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ತಂದಿಟ್ಟೆ. ಬೆಳಿಗ್ಗೆ ಹೊತ್ತು 68 ಪರ್ಸೆಂಟ್ ತೋರಿಸುತ್ತಿತ್ತು. 50ಕ್ಕಿಂತ ಕೆಳಗೆ ಇದ್ದರೆ ನುಸಿ ನಿಧಾನವಾಗಿ ಒಣಗಿ ಸಾಯುತ್ತದೆ. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಹರವುವುದು ನಿಲ್ಲಿಸಿದೆ, ಸ್ನಾನ ಆದಮೇಲೆ ಬಚ್ಚಲಿನ ಕಿಟಕಿ ತೆಗೆದು ಬಾಗಿಲು ಮುಚ್ಚುತ್ತೇನೆ, ಎದ್ದ ಕೂಡಲೇ ಹಾಸಿಗೆ ಮುಚ್ಚದೆ ಹೊದಿಕೆ ಸರಿಸಿ ಆರಲು ಬಿಡುತ್ತೇನೆ. ಈಗ 55ರ ಸುತ್ತ ಇರುತ್ತದೆ. ಮಳೆಗಾಲದಲ್ಲಿ ಏರುತ್ತದೆ, ಅದನ್ನು ಪೂರ್ತಿ ತಡೆಯಲು ಆಗಿಲ್ಲ. ಗೋಡೆ ಮೂಲೆಯಲ್ಲಿ ಬೂಷ್ಟು ಬಂದಿದ್ದನ್ನು ಎಷ್ಟು ಸಲ ಉಜ್ಜಿದರೂ ಮತ್ತೆ ಬರುತ್ತಿತ್ತು. ಒಳಗೆ ಪೈಪ್ ಸೋರುತ್ತಿದ್ದದ್ದು ಸರಿಯಾದ ಮೇಲೇ ನಿಂತಿದ್ದು.

ಇನ್ನು ನನ್ನ ಆ ನೈಸರ್ಗಿಕ ಸಾಮಾನುಗಳ ವಿಷಯ. ನಿಂಬೆ ಎಣ್ಣೆ ಬಿಟ್ಟೆ. ಅದರಲ್ಲಿರುವ ಲಿಮೋನೀನ್ ಅನ್ನುವ ವಾಸನೆಯ ಅಂಶ ಗಾಳಿಗೆ ತೆರೆದುಕೊಂಡಂತೆ ಬದಲಾಗಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಗಿಡದಿಂದ ಬಂದಿದ್ದು ಅಂದಮಾತ್ರಕ್ಕೆ ಮೂಗಿಗೂ ಚರ್ಮಕ್ಕೂ ಒಗ್ಗುತ್ತದೆ ಅಂತ ಅಲ್ಲ, ಇದನ್ನು ನಾನು ತುಂಬಾ ತಡವಾಗಿ ಕಲಿತೆ. ವಿನೆಗರ್ ಮತ್ತು ಸೋಡಾ ಎರಡನ್ನೂ ಬೆರೆಸಿ ನೊರೆ ಬರಿಸುತ್ತಿದ್ದೆ, ಅದೂ ವ್ಯರ್ಥ: ಒಂದು ಆಮ್ಲ, ಇನ್ನೊಂದು ಕ್ಷಾರ, ಸೇರಿದರೆ ಎರಡರ ಶಕ್ತಿಯೂ ಹೋಗುತ್ತದೆ. ಬೇರೆ ಬೇರೆಯಾಗಿ ಬಳಸಿದರೆ ಕೆಲಸಕ್ಕೆ ಬರುತ್ತವೆ. ನಲ್ಲಿಯ ಮೇಲಿನ ಬಿಳಿ ಉಪ್ಪಿನ ಕಲೆಗೆ ವಿನೆಗರ್, ಜಿಡ್ಡಿಗೆ ಸೋಡಾ. ಮಾರ್ಬಲ್ ಮೇಲೆ ಮಾತ್ರ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಮತ್ತೆ ದಯವಿಟ್ಟು ವಿನೆಗರನ್ನು ಬ್ಲೀಚ್ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ, ಬಚ್ಚಲಿನಂಥ ಮುಚ್ಚಿದ ಜಾಗದಲ್ಲಿ ಅದು ಪ್ರಾಣಕ್ಕೇ ಅಪಾಯ. ಮಿಕ್ಕ ಎಲ್ಲದಕ್ಕೂ ನನಗೆ ಈಗ ವಾಸನೆ ಇಲ್ಲದ ಸೋಪಿನ ನೀರು, ಒಂದು ಒಳ್ಳೆಯ ಬಟ್ಟೆ ಸಾಕು.

ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟುಬಿಡೋಣ ಅಂತಲೂ ಅನ್ನಿಸಿತ್ತು. ಐದನೇ ವಾರದ ಹೊತ್ತಿಗೆ ಬೆಳಗಿನ ಸೀನು ಮೂರು ನಾಲ್ಕಕ್ಕೆ ಇಳಿಯಿತು. ವೈದ್ಯರು ಕೊಟ್ಟ ಮೂಗಿನ ಸ್ಪ್ರೇ ನಿಲ್ಲಿಸಿಲ್ಲ, ಅವರು ಹೇಳುವವರೆಗೆ ನಿಲ್ಲಿಸುವುದೂ ಇಲ್ಲ. ಯಾರಿಗಾದರೂ ಉಸಿರಾಡುವಾಗ ಸುಯ್ ಸುಯ್ ಸದ್ದು ಬರುತ್ತಿದ್ದರೆ ಕ್ಲೀನಿಂಗ್ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ. ಮೊನ್ನೆ ಬೇರೆ ಮನೆಯಲ್ಲಿ ಒಂದು ರಾತ್ರಿ ಮಲಗಿದ್ದಳು, ಬೆಳಿಗ್ಗೆ ಮತ್ತೆ ಹತ್ತು ಸೀನು. ಈಗ ಎಲ್ಲಿಗೆ ಹೋದರೂ ಅವಳ ದಿಂಬು, ಅದರ ಜಿಪ್ ಕವರಿನ ಸಮೇತ, ಬ್ಯಾಗಿನಲ್ಲಿರುತ್ತದೆ.