ಪ್ರಿಂಟರ್ ರಿಪೇರಿಯಿಂದ ಶುರುವಾದ ‘ಗೆಟ್’ ಪಾಠ

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಶಾಲೆಯಲ್ಲಿ ಇಂಗ್ಲಿಷ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ‘ಗೆಟ್, ಗಾಟ್, ಗಾಟ್ – ಪಡೆ’ ಅಂತ ಇಡೀ ತರಗತಿ ಒಟ್ಟಿಗೆ ಕೂಗುತ್ತಿತ್ತು. ಆ ‘ಪಡೆ’ ಅನ್ನೋ ಒಂದೇ ಅರ್ಥ ಇಟ್ಟುಕೊಂಡು ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದೆ.

ಸೇರಿ ಒಂದು ವಾರ ಆಗಿರಬೇಕು. ಮ್ಯಾನೇಜರ್ ನನ್ನ ಮೇಜಿನ ಮೇಲೆ ಚೀಟಿ ಇಟ್ಟು ಹೋಗಿದ್ದರು. ‘ಗೆಟ್ ದಿ ಪ್ರಿಂಟರ್ ರಿಪೇರ್ಡ್ ಬೈ ಫೋರ್.’ ರಿಪೇರಿಯಾದ ಪ್ರಿಂಟರನ್ನು ನಾಲ್ಕು ಗಂಟೆಯೊಳಗೆ ಪಡೆಯಬೇಕು ಅಂದುಕೊಂಡು ಸ್ಟೋರ್‌ಗೆ ಹೋಗಿ ನಿಂತೆ. ಅಲ್ಲಿದ್ದ ಹಿರಿಯರು, “ಯಾವ ಪ್ರಿಂಟರಪ್ಪ? ರಿಪೇರಿಗೆ ಅಂತ ಇಲ್ಲಿಗೆ ಯಾವುದೂ ಬಂದಿಲ್ವಲ್ಲ” ಅಂದರು. ಕೆಟ್ಟು ನಿಂತ ಪ್ರಿಂಟರ್ ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಅವತ್ತು ಹೋಗಬೇಕಿದ್ದ ಕಾಗದ ಮರುದಿನ ಹೋಯಿತು. ಚೆನ್ನಾಗಿ ಬೈಸಿಕೊಂಡೆ. ರಾತ್ರಿ ಆ ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿದ್ದ ಒಂದೊಂದು ಪದವೂ ನನಗೆ ಗೊತ್ತಿತ್ತು. ಆದರೂ ಮಾತು ತಿಳಿಯಲಿಲ್ಲ. ತುಂಬಾ ಸಂಕಟವಾಯಿತು.

ಮರುದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಕಿವಿಗೆ ಬಿದ್ದ, ಕಣ್ಣಿಗೆ ಬಿದ್ದ ಪ್ರತಿಯೊಂದು ‘ಗೆಟ್’ ವಾಕ್ಯವನ್ನೂ ಎಡಗಡೆ ಬರೆದುಕೊಳ್ಳುವುದು. ಅದೇ ಮಾತನ್ನು ನಮ್ಮಮ್ಮ ಮನೆಯಲ್ಲಿ ಹೇಗೆ ಹೇಳುತ್ತಿದ್ದಳೋ ಹಾಗೆ ಬಲಗಡೆ ಬರೆಯುವುದು. ನಿಘಂಟು ಮುಟ್ಟಬಾರದು ಅಂತ ನನಗೆ ನಾನೇ ಕಟ್ಟುಪಾಡು ಹಾಕಿಕೊಂಡೆ. ನಿಘಂಟು ನೋಡಿದರೆ ಮತ್ತೆ ‘ಪಡೆ, ಹೊಂದು, ಗಳಿಸು’ ಅಂತಲೇ ಬರುತ್ತದೆ. ನಮ್ಮಮ್ಮ ಯಾವತ್ತೂ ‘ಜ್ವರ ಪಡೆದೆ’ ಅಂದವಳಲ್ಲ.

ಸುಮಾರು ಎರಡು ತಿಂಗಳಾದ ಮೇಲೆ ಬಲಗಡೆಯ ಸಾಲುಗಳನ್ನಷ್ಟೇ ಓದಿಕೊಂಡು ಹೋದೆ. ನನಗೆ ಕೆಲಸ ಸಿಕ್ಕಿತು. ನನಗೆ ಕಾಗದ ಬಂತು. ನನಗೆ ಕೋಪ ಬಂತು. ನನಗೆ ನೆಗಡಿ ಆಯ್ತು. ನನಗೆ ಏಟು ಬಿತ್ತು. ಎಡಗಡೆ ನೋಡಿದರೆ ಎಲ್ಲದಕ್ಕೂ ‘ಐ ಗಾಟ್’. ಅವತ್ತು ಆದ ಸಂತೋಷ ಇವತ್ತಿಗೂ ನೆನಪಿದೆ. ಕನ್ನಡದಲ್ಲಿ ಕೆಲಸ, ಕೋಪ, ನೆಗಡಿ ಎಲ್ಲ ನಮ್ಮ ಹತ್ತಿರ ಬರುತ್ತವೆ. ನಾವು ‘ನನಗೆ’ ಅಂತ ಸುಮ್ನೆ ನಿಂತಿರುತ್ತೇವೆ. ಇಂಗ್ಲಿಷಿನಲ್ಲಿ ಆ ‘ನನಗೆ’ ಹೋಗಿ ‘ನಾನು’ ಆಗುತ್ತದೆ. ಬಂದಿದ್ದು, ಸಿಕ್ಕಿದ್ದು, ಆಗಿದ್ದು, ಬಿದ್ದಿದ್ದು ಎಲ್ಲ ಒಂದೇ ‘ಗಾಟ್’ನೊಳಗೆ ಸೇರಿಕೊಳ್ಳುತ್ತವೆ. ಶಾಲೆಯಲ್ಲಿ ‘ಪಡೆ’ ಬದಲು ‘ಸಿಗು’ ಅಂತ ಹೇಳಿಕೊಟ್ಟಿದ್ದರೂ ಸಾಕಿತ್ತು ಅನ್ನಿಸಿತು.

ಆಮೇಲೆ ಇನ್ನೊಂದು ವಿಷಯ ಕಾಣಿಸಿತು. ‘ನನಗೆ ಜ್ವರ ಇದೆ’ ಅಂದರೆ ‘ಐ ಹ್ಯಾವ್ ಎ ಫೀವರ್’. ‘ನನಗೆ ಜ್ವರ ಬಂತು’ ಅಂದರೆ ‘ಐ ಗಾಟ್ ಎ ಫೀವರ್’. ‘ನನಗೆ ಗೊತ್ತು’ ಅಂದರೆ ‘ಐ ನೋ’. ‘ನನಗೆ ಗೊತ್ತಾಯ್ತು’ ಅಂದರೆ ‘ಐ ಗಾಟ್ ಟು ನೋ’. ‘ನನಗೆ’ ಆದಮೇಲೆ ಈಗಾಗಲೇ ಇರುವ ಸ್ಥಿತಿ ಬಂದರೆ ಗೆಟ್ ಬೇಡ. ಬದಲಾವಣೆ ಬಂದರೆ ಗೆಟ್ ಬೇಕು. ಬ್ರಿಟನ್ನಿನವರು ‘ಐ ಹ್ಯಾವ್ ಗಾಟ್ ಎ ಕಾರ್’ ಅಂದಾಗ ‘ನನ್ನ ಹತ್ತಿರ ಕಾರಿದೆ’ ಅಂತಷ್ಟೇ ಅರ್ಥ. ಸಿಕ್ಕಿದ್ದು ಈಗ ಕೈಯಲ್ಲಿದೆ, ಅಷ್ಟೇ. ಅಮೆರಿಕದವರು ಇದನ್ನು ಇನ್ನೂ ಬಿಡಿಸಿ ಹೇಳುತ್ತಾರೆ. ಇದ್ದರೆ ‘ಹ್ಯಾವ್ ಗಾಟ್’, ಹೊಸದಾಗಿ ಸಿಕ್ಕಿದ್ದರೆ ‘ಹ್ಯಾವ್ ಗಾಟನ್’. ಈ ‘ಗಾಟನ್’ ತಪ್ಪು ಅಂತ ಎಷ್ಟೋ ಜನ ಹೇಳುತ್ತಾರೆ. ತಪ್ಪಲ್ಲ, ಅದು ಹಳೆಯ ರೂಪ. ಬ್ರಿಟನ್ನಿನಲ್ಲಿ ಬಹುಪಾಲು ಮರೆಯಾಗಿದೆ, ಅಮೆರಿಕದಲ್ಲಿ ಉಳಿದಿದೆ. ‘ಫರ್ಗಾಟನ್’ ಅಂತ ನಾವೆಲ್ಲ ಇವತ್ತಿಗೂ ಹೇಳುತ್ತೇವೆ, ಅಲ್ವಾ?

‘ನನಗೆ’ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. ‘ನನಗೆ ನಿದ್ದೆ ಬಂತು’ ಅನ್ನೋದಕ್ಕೆ ‘ಐ ಗಾಟ್ ಸ್ಲೀಪ್’ ಅಂದರೆ ಇಂಗ್ಲಿಷಿನವರ ಕಿವಿಗೆ ಸರಿ ಕೇಳಿಸುವುದಿಲ್ಲ. ‘ಐ ಗಾಟ್ ಸ್ಲೀಪಿ’ ಅನ್ನಬೇಕು, ಇಲ್ಲವೇ ‘ಐ ಫೆಲ್ ಅಸ್ಲೀಪ್’. ‘ನನಗೆ ಸಂತೋಷ ಆಯ್ತು’ ಅನ್ನೋದಕ್ಕೆ ‘ಐ ವಾಸ್ ಹ್ಯಾಪಿ’ ಸಾಕು. ‘ಐ ಗಾಟ್ ಎ ಡೌಟ್’ ಅಂತ ನಾವು ಕೈ ಎತ್ತುತ್ತೇವೆ. ನಮ್ಮಲ್ಲಿ ಎಲ್ಲರಿಗೂ ಅದು ಅರ್ಥವಾಗುತ್ತದೆ. ಆದರೆ ಲಂಡನ್ನಿನಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೇ ಒಳ್ಳೆಯದು. ಅಲ್ಲಿ ‘ಡೌಟ್’ ಅಂದರೆ ಹೇಳಿದ ಮಾತಿನ ಮೇಲೇ ಅನುಮಾನ ಅಂದಂತೆ ಆಗುತ್ತದೆ. ಇಂಥವನ್ನೆಲ್ಲ ಕೆಂಪು ಇಂಕಿನಲ್ಲಿ ಬೇರೆ ಪುಟದಲ್ಲಿ ಬರೆದಿಟ್ಟೆ.

ಪ್ರಿಂಟರ್ ಗಂಟು ಬಿಚ್ಚಿಕೊಂಡಿದ್ದು ಮಾತ್ರ ನಮ್ಮ ‘ಇಸು’ ಪ್ರತ್ಯಯದಿಂದ. ಊರಿಂದ ಅಮ್ಮ ಫೋನಿನಲ್ಲಿ, “ಹಬ್ಬಕ್ಕೆ ಒಂದು ಅಂಗಿ ಹೊಲಿಸಿಕೊಳ್ಳೋ” ಅಂದಳು. ಅಂಗಿ ಹೊಲಿಯೋದು ಟೈಲರ್, ಹೊಲಿಸೋದು ನಾನು. ಥಟ್ಟನೆ ಹೊಳೆಯಿತು. ಮಾಡು–ಮಾಡಿಸು, ಬರೆ–ಬರೆಸು, ತರು–ತರಿಸು. ನಾವು ಒಂದು ‘ಇಸು’ ಸೇರಿಸಿ ಮುಗಿಸುವ ಕೆಲಸವನ್ನು ಇಂಗ್ಲಿಷಿನವರು ಗೆಟ್‌ನಿಂದ ಮಾಡುತ್ತಾರೆ. ‘ಗೆಟ್ ಎ ಶರ್ಟ್ ಸ್ಟಿಚ್ಡ್’ ಅಂದರೆ ಅಂಗಿ ಹೊಲಿಸು. ‘ಗೆಟ್ ದಿ ಪ್ರಿಂಟರ್ ರಿಪೇರ್ಡ್’ ಅಂದರೆ ಪ್ರಿಂಟರ್ ರಿಪೇರಿ ಮಾಡಿಸು. ನಾನು ಓದಿಕೊಂಡಿದ್ದು ‘ಗೆಟ್ ದಿ ರಿಪೇರ್ಡ್ ಪ್ರಿಂಟರ್’ ಅಂತ. ಪದಗಳು ಅವೇ. ‘ರಿಪೇರ್ಡ್’ ಹಿಂದಿತ್ತಾ ಮುಂದಿತ್ತಾ ಅನ್ನೋದರಲ್ಲಿ ಅರ್ಥವೇ ಬೇರೆಯಾಯಿತು. ಕನ್ನಡದಲ್ಲಿ ಪದಗಳನ್ನು ಅತ್ತಿತ್ತ ಸರಿಸಿದರೂ ಮಾತು ಹೆಚ್ಚಾಗಿ ಕೆಡುವುದಿಲ್ಲ. ಅದಕ್ಕೇ ನಾನು ಪದ ಎಲ್ಲಿದೆ ಅಂತ ಗಮನಿಸಿರಲೇ ಇಲ್ಲ.

ಇದು ತಿಳಿದ ಮೇಲೆ ನನ್ನ ಇನ್ನೊಂದು ತಪ್ಪೂ ಸಿಕ್ಕಿತು. ಕ್ಷೌರದಂಗಡಿಗೆ ಹೋಗಿ ಬಂದು ‘ಐ ಕಟ್ ಮೈ ಹೇರ್’ ಅನ್ನುತ್ತಿದ್ದೆ. ಕೇಳಿದವರಿಗೆ ನಾನೇ ಕತ್ತರಿ ಹಿಡಿದು ಕತ್ತರಿಸಿಕೊಂಡೆ ಅಂತ ಅನ್ನಿಸಬಹುದು. ‘ಐ ಗಾಟ್ ಮೈ ಹೇರ್ ಕಟ್’ ಅಂದರೆ ಕಟಿಂಗ್ ಮಾಡಿಸಿದೆ ಅಂತ. ಯಾರಿಂದ ಮಾಡಿಸಿದೆ ಅಂತ ಆ ಮನುಷ್ಯರನ್ನೂ ಗೆಟ್ ಪಕ್ಕದಲ್ಲೇ ಹೇಳುವಾಗ ನಡುವೆ ಒಂದು ‘ಟು’ ಬೇಕು. ಮಗುವಿಗೆ ಹೇಗೋ ಊಟ ಮಾಡಿಸಿದೆ ಅಂದರೆ ‘ಐ ಗಾಟ್ ದಿ ಚೈಲ್ಡ್ ಟು ಈಟ್’. ಇದರಲ್ಲಿ ಪುಸಲಾಯಿಸಿ ಒಪ್ಪಿಸಿದ ಭಾವವೂ ಇದೆ. ‘ಮೇಡ್ ದಿ ಚೈಲ್ಡ್ ಈಟ್’ ಅಂದರೆ ಗದರಿಸಿ, ಬಲವಂತ ಮಾಡಿ ತಿನ್ನಿಸಿದ ಹಾಗೆ.

ಉಳಿದವಕ್ಕೆ ಇಷ್ಟು ಕಷ್ಟಪಡಲಿಲ್ಲ. ‘ಆಗು’ ಹಿಡಿದುಕೊಂಡರೆ ಬಹಳಷ್ಟು ತಾನಾಗಿ ಬರುತ್ತವೆ. ಕತ್ತಲಾಯಿತು, ‘ಇಟ್ ಗಾಟ್ ಡಾರ್ಕ್’. ಮದುವೆಯಾದರು, ‘ದೇ ಗಾಟ್ ಮ್ಯಾರೀಡ್’. ಫೋನ್ ಕಳುವಾಯಿತು, ‘ದಿ ಫೋನ್ ಗಾಟ್ ಸ್ಟೋಲನ್’. ಮನೆ ಸೇರಿದೆ ಅನ್ನುವಾಗ ನಾವು ಮನೆಗೆ ‘ಗೆ’ ಹಚ್ಚುವುದಿಲ್ಲ. ಅವರೂ ‘ಗಾಟ್ ಹೋಮ್’ ಅನ್ನುತ್ತಾರೆ, ‘ಟು’ ಹಚ್ಚುವುದಿಲ್ಲ. ಬಸ್ಸು, ರೈಲು ಹತ್ತಿದರೆ ‘ಗೆಟ್ ಆನ್’. ಕಾರು, ಆಟೋ ಆದರೆ ‘ಗೆಟ್ ಇನ್’. ಒಳಗೆ ನಿಂತು ಓಡಾಡುವ ಹಾಗಿದ್ದರೆ ‘ಆನ್’ ಅಂತ ನೆನಪಿಟ್ಟುಕೊಂಡೆ. ಬೈಕಿಗೂ ‘ಆನ್’, ಅದು ಮೇಲೆ ಕೂರುವ ಗಾಡಿ.

ಕೊನೆಗೆ ನಿಘಂಟು ತೆಗೆದಿದ್ದು ಪದದ ಹುಟ್ಟು ತಿಳಿಯೋಕೆ. ‘ಗೆಟ್’ ಇಂಗ್ಲಿಷಿನವರ ಸ್ವಂತ ಪದವಲ್ಲವಂತೆ! ವೈಕಿಂಗರ ಕಾಲದ ಹಳೆಯ ನಾರ್ಸ್ ಭಾಷೆಯ ‘ಗೆಟ’ದಿಂದ ಬಂದಿದ್ದು. ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ‘ಟೇಕ್’ ಕೂಡ ಹಾಗೇ ಬಂದ ಪದ. ಹೊರಗಿನಿಂದ ಬಂದ ಪದವೊಂದು ಆ ಭಾಷೆಯ ಮನೆಮಾತಾಗಿ ನಿಂತಿದೆ. ಅಲ್ಲಿಯವರೆಗೆ ಈ ಪದ ಅಂದರೆ ಹೆದರಿಕೆಯಿತ್ತು. ಅದನ್ನು ಓದಿದ ಮೇಲೆ ಒಂಥರಾ ಅಕ್ಕರೆ ಹುಟ್ಟಿತು. ಮನೆಮಾತಿನ ಪದ ಆಗಿರೋದರಿಂದಲೇ ಅರ್ಜಿ, ವರದಿಗಳಲ್ಲಿ ಅದನ್ನು ಜಾಸ್ತಿ ಬಳಸುವುದಿಲ್ಲ. ಅಲ್ಲಿ ‘ರಿಸೀವ್ಡ್’ ಅಂತ ಬರೆಯುತ್ತೇನೆ. ಬಾಯಲ್ಲಿ ಹೇಳುವಾಗ ‘ಗಾಟ್’.

ಈಗ ಭಾನುವಾರ ಬೆಳಿಗ್ಗೆ ಏಳೆಂಟು ಜನರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಗಾರ್ಮೆಂಟ್ಸ್‌ಗೆ ಹೋಗುವವರು, ಅಂಗಡಿಯಲ್ಲಿ ಕೆಲಸ ಮಾಡುವವರು. ಅವರಿಗೂ ಒಂದೊಂದು ನೋಟ್‌ಬುಕ್. ಹೋದ ವಾರ ಅವರಲ್ಲಿ ಒಬ್ಬರು ಒಂದು ವಾಕ್ಯ ತಂದಿದ್ದರು. ‘ಐ ಕುಡಂಟ್ ಗೆಟ್ ಎ ವರ್ಡ್ ಇನ್.’ ಸೂಪರ್‌ವೈಸರ್ ಒಂದೇ ಸಮ ಮಾತಾಡುತ್ತಿದ್ದಾಗ ಪಕ್ಕದ ಲೈನಿನವರು ಹೇಳಿದ್ದಂತೆ. ಬಲಗಡೆ ಏನು ಬರೆಯಬೇಕು ಅಂತ ಅರ್ಧ ಗಂಟೆ ಮಾತಾಡಿದೆವು. ‘ಬಾಯಿ ಹಾಕೋಕೆ ಬಿಡಲಿಲ್ಲ’ ಅಂತ ಒಬ್ಬರು. ‘ನಡುವೆ ಮಾತಾಡೋಕೆ ಆಗಲಿಲ್ಲ’ ಅಂತ ಇನ್ನೊಬ್ಬರು. ವಾಕ್ಯ ತಂದ ಅಕ್ಕ ಅಲ್ಲಿಯವರೆಗೆ ಸುಮ್ಮನಿದ್ದರು. ಆಮೇಲೆ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದು ನನಗೆ ತೋರಿಸಿದರು: ‘ನನ್ನ ಮಾತಿಗೆ ಸಂದೇ ಸಿಗಲಿಲ್ಲ.’ ನಾನೂ ಅದನ್ನೇ ನನ್ನ ಪುಸ್ತಕದಲ್ಲಿ ಬರೆದುಕೊಂಡೆ.