ಪೀಣ್ಯದಲ್ಲಿ ಇಂಟರ್‌ವ್ಯೂ ಇದೆಯಾ? ಮೊದಲ ಪ್ರಶ್ನೆಗೆ ತಯಾರಾಗಿ

ಡಿಪ್ಲೊಮಾ ಮುಗಿಸಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯಕ್ಕೆ ಬರುವ ಎಷ್ಟೋ ಮಕ್ಕಳು ಎಡವುವುದು ಬಟ್ಟೆಯಲ್ಲಲ್ಲ, ‘ನಿಮ್ಮ ಬಗ್ಗೆ ಹೇಳಿ’ ಎಂಬಲ್ಲಿ.

ಸುಲಭದ್ದು ಮೊದಲು ಮುಗಿಸಿಬಿಡೋಣ. ಇಸ್ತ್ರಿ ಮಾಡಿದ ತಿಳಿಬಣ್ಣದ ಶರ್ಟು, ಶೂ. ಶಾಪ್ ಫ್ಲೋರ್ (ಮಷಿನ್‌ಗಳು ಓಡುವ ಜಾಗ) ತೋರಿಸಲು ಕರೆದೊಯ್ದರೆ ಚಪ್ಪಲಿಯಲ್ಲಿ ಒಳಗೆ ಬಿಡುವುದಿಲ್ಲ. ಟೈ ಖಂಡಿತ ಬೇಡ, ತಿರುಗುವ ಮಷಿನ್ ಪಕ್ಕ ಅದು ಅಪಾಯ. ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್, ಎರಡು ಸೆಟ್ ಜೆರಾಕ್ಸ್, ಆಧಾರ್ ಒಂದೇ ಫೈಲಿನಲ್ಲಿರಲಿ. ರೆಸ್ಯೂಮೆ ಒಂದೇ ಪುಟ. ಸೈಬರ್ ಸೆಂಟರಿನ ರೆಡಿಮೇಡ್ ರೆಸ್ಯೂಮೆ ಮಾತ್ರ ತರಬೇಡಿ. ಎಲ್ಲರದ್ದರಲ್ಲೂ ಅದೇ ‘ಹಾಡು ಕೇಳುವುದು, ಕ್ರಿಕೆಟ್ ಆಡುವುದು’!

ಈಗ ಆ ಪ್ರಶ್ನೆ. ಸಾಮಾನ್ಯವಾಗಿ ಬಾಯಿಪಾಠದ ಇಂಗ್ಲಿಷ್ ಶುರುವಾಗುತ್ತದೆ: ಹೆಸರು, ಊರು, ಅಪ್ಪ ರೈತರು, ಅಮ್ಮ ಗೃಹಿಣಿ, ‘ಹಾರ್ಡ್ ವರ್ಕ್ ನನ್ನ ಶಕ್ತಿ’. ಮಧ್ಯೆ ಒಂದು ಪದ ಮರೆತರೆ ಮತ್ತೆ ಮೊದಲಿನಿಂದ. ಕೇಳುವವರು ಅಷ್ಟರಲ್ಲಿ ರೆಸ್ಯೂಮೆ ತಿರುವಿ ಹಾಕುತ್ತಿರುತ್ತಾರೆ. ಇದರ ಬದಲು ನಿಮ್ಮ ಕೈಯಾರೆ ಮಾಡಿದ ಒಂದು ಕೆಲಸ ಹೇಳಿ. ಹೀಗೆ: ‘ಸರ್, ನಾನು ತಿಪಟೂರಿನವನು, ಮೆಕ್ಯಾನಿಕಲ್ ಡಿಪ್ಲೊಮಾ. ಪ್ರಾಜೆಕ್ಟಿಗೆ ಲೇತ್‌ನಲ್ಲಿ ಶಾಫ್ಟ್ ಮಾಡಿದೆವು, ಅಳತೆ ನೋಡುವುದು ನನ್ನ ಕೆಲಸ. ಮೊದಲ ಪೀಸು ಅಂಡರ್‌ಸೈಜ್ ಆಗಿ ರಿಜೆಕ್ಟ್ ಆಯಿತು. ಆಮೇಲೆ ಫೈನಲ್ ಕಟ್‌ಗೆ ಮುಂಚೆಯೇ ಅಳೆಯಲು ಶುರು ಮಾಡಿದೆವು.’ ಅಷ್ಟೇ, ನಿಲ್ಲಿಸಿ. ಮುಂದಿನ ಪ್ರಶ್ನೆ ಅಲ್ಲಿಂದಲೇ ಬರುತ್ತದೆ: ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಎಷ್ಟಿತ್ತು? ಯಾವುದರಲ್ಲಿ ಅಳೆದಿರಿ? ನಿಮಗೆ ಗೊತ್ತಿರುವ ಜಾಗಕ್ಕೆ ಅವರನ್ನು ನೀವೇ ಕರೆದುಕೊಂಡು ಬಂದಿರಿ, ಅಲ್ವಾ? ಅದಕ್ಕೇ ಮಾಡದ ಪ್ರಾಜೆಕ್ಟ್ ಹೇಳಬೇಡಿ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಇಂಗ್ಲಿಷ್ ತಡವರಿಸಿದರೆ ‘ಕನ್ನಡದಲ್ಲಿ ಹೇಳಲಾ ಸರ್?’ ಎಂದು ಕೇಳಿ. ಸುಮ್ನೆ ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಕೈಗೆ ವರ್ನಿಯರ್ (ಸಣ್ಣ ಅಳತೆ ನೋಡುವ ಉಪಕರಣ) ಕೊಟ್ಟರೆ ಗಾಬರಿ ಬೇಡ, ಅವಸರವೂ ಬೇಡ. ಪೀಸು ಹಿಡಿಯುವ ಅದರ ಜಾ (ದವಡೆ) ಒರೆಸಿ, ಮುಚ್ಚಿ, ಸೊನ್ನೆ ಸರಿ ಇದೆಯಾ ನೋಡಿ. ಆಮೇಲೆ ಅಳೆಯಿರಿ. ಲೀಸ್ಟ್ ಕೌಂಟ್ (ಅದರಲ್ಲಿ ಓದಬಹುದಾದ ಅತಿ ಚಿಕ್ಕ ಅಳತೆ) 0.02 ಮಿ.ಮೀ. ಇದ್ದರೆ 25.42 ಅನ್ನಬಹುದು, 25.43 ಅನ್ನುವಂತಿಲ್ಲ. ಆ ಸ್ಕೇಲಿನಲ್ಲಿ ಕೊನೆಯ ಅಂಕಿ ಬೆಸವಾಗಿ ಬರುವುದೇ ಇಲ್ಲ! ಅಂದಾಜಿಗೆ ಹೇಳಿದವರು ಇಲ್ಲೇ ಗೊತ್ತಾಗಿಬಿಡುತ್ತಾರೆ. ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಕೊಟ್ಟರೆ ರ‍್ಯಾಚೆಟ್ (ತುದಿಯ ಚಿಕ್ಕ ತಿರುಗುಹಿಡಿ) ಹಿಡಿದು ತಿರುಗಿಸಿ, ಬಿಗಿಯಾಗಿ ಹಿಂಡಬೇಡಿ.

ಸಂಬಳದ ಮಾತು ಅವರೇ ಎತ್ತಲಿ. ನೀವು ಶಿಫ್ಟ್ ಹೇಗೆ, ಯಾವ ಪಾರ್ಟ್ ಮಾಡುತ್ತಾರೆ ಎಂದು ಕೇಳಿ. ಗೇಟಿನ ಹೊರಗೆ ಯಾರಾದರೂ ‘ರಿಜಿಸ್ಟ್ರೇಷನ್ ಫೀ ಕಟ್ಟಿ, ಕೆಲಸ ಗ್ಯಾರಂಟಿ’ ಎಂದರೆ ಮಾತೂ ಆಡದೆ ಮೆಟ್ರೋ ಹತ್ತಿ.